ಶೇರ್‌ಪಾಯಿಂಟ್ ಪರ್ಮಿಷನ್ ರಿವ್ಯೂ: ಕೊಡೋಕೆ ಒಂದೇ ಕ್ಲಿಕ್, ವಾಪಸ್ ಕಿತ್ಕೊಳ್ಳೋಕೆ ಹೋದ್ರೆ ಗೊತ್ತಾಗುತ್ತೆ

ಶೇರ್‌ಪಾಯಿಂಟ್ ಆನ್‌ಲೈನ್ (ಸಂಸ್ಥೆಯ ಫೈಲು, ಒಳಗಿನ ಸೈಟು ಇಡೋ ಮೈಕ್ರೋಸಾಫ್ಟ್ ಸೇವೆ) ಬಗ್ಗೆ ರಿವ್ಯೂ ಬರೆಯೋರೆಲ್ಲ ಪೇಜ್ ಎಷ್ಟು ಚೆನ್ನಾಗ್ ಕಾಣುತ್ತೆ, ಚಾಟ್-ಮೀಟಿಂಗ್ ಆಪ್ ಟೀಮ್ಸ್ ಜೊತೆ ಹೆಂಗ್ ಹೊಂದ್ಕೊಳ್ಳುತ್ತೆ ಅಂತಾನೇ ಬರೀತಾರೆ. ನಾನು ಅದನ್ನೆಲ್ಲ ಬಿಟ್ಟು ಅಡ್ಮಿನ್ ಕೆಲಸದ ಕಡೆಯಿಂದ ಮಾತ್ರ ಬರೀತೀನಿ, ಅಂದ್ರೆ ಯೂಸರ್ ಅಕೌಂಟು, ಸೆಕ್ಯುರಿಟಿ ಗ್ರೂಪು, ಪರ್ಮಿಷನ್ನು. ಸಂಸ್ಥೆಯ ಸೈಟ್ ನೋಡ್ಕೊಳ್ಳೋ ಕೆಲಸ ಯಾರ ತಲೆಗೆ ಕಟ್ಟಿದಾರೋ ಅವರಿಗೆ ಉಪಯೋಗ ಆಗ್ಬಹುದು, ಉಳಿದೋರಿಗೆ ಬೋರ್ ಹೊಡೆಯುತ್ತೆ, ಮೊದ್ಲೇ ಹೇಳ್ಬಿಡ್ತೀನಿ.

ಅಕೌಂಟ್ ಇರೋದು ಶೇರ್‌ಪಾಯಿಂಟ್ ಒಳಗಲ್ಲ, ಎಂಟ್ರಾ ಐಡಿ ಅನ್ನೋ ಮೈಕ್ರೋಸಾಫ್ಟ್‌ನ ಲಾಗಿನ್ ಸೇವೆಯಲ್ಲಿ. ಮುಂಚೆ ಅಝೂರ್ ಆಕ್ಟಿವ್ ಡೈರೆಕ್ಟರಿ ಅಂತಿದ್ದಿದ್ದನ್ನೇ 2023ರಲ್ಲಿ ಹೆಸರು ಬದಲಾಯ್ಸಿದ್ರು, ಹಳಬರು ಇನ್ನೂ ಎಎಡಿ ಅಂತಾನೇ ಕರೀತಾರೆ. ಈ ಭಾಗದ ಬಗ್ಗೆ ನಂದೇನೂ ತಕರಾರಿಲ್ಲ, ನಿಜವಾಗ್ಲೂ ಚೆನ್ನಾಗಿದೆ. ಯಾರಾದ್ರೂ ಕೆಲಸ ಬಿಟ್ರೆ ಒಂದೇ ಕಡೆ ಸೈನ್ ಇನ್ ಬ್ಲಾಕ್ ಮಾಡಿದ್ರೆ ಸಾಕು, ಮೇಲ್, ಟೀಮ್ಸ್, ಸೈಟ್ ಎಲ್ಲಾ ಕಡೆಗೂ ಅನ್ವಯ ಆಗುತ್ತೆ. ಆಗ್ಲೇ ತೆರೆದಿರೋ ಸೆಷನ್ ಮಾತ್ರ ಸ್ವಲ್ಪ ಹೊತ್ತು ನಡೀತಾನೇ ಇರುತ್ತೆ, ಅದಕ್ಕೆ ಸೆಷನ್ ರಿವೋಕ್ ಮಾಡೋ, ಅಂದ್ರೆ ತೆರೆದಿರೋ ಲಾಗಿನ್ ರದ್ದು ಮಾಡೋ, ಬಟನ್ನೂ ಒತ್ತಿ, ತುಂಬಾ ಜನ ಇದನ್ನ ಬಿಟ್ಬಿಡ್ತಾರೆ. ತಪ್ಪಿ ಅಕೌಂಟ್ ಡಿಲೀಟ್ ಮಾಡಿದ್ರೂ 30 ದಿನದ ಒಳಗೆ ರೀಸ್ಟೋರ್ ಮಾಡ್ಬಹುದು.

ಗ್ರೂಪ್ ವಿಷ್ಯಕ್ಕೆ ಬಂದ್ರೆ ಹೊಸಬರು ಕಂಗಾಲಾಗೋದು ಇಲ್ಲೇ, ಯಾಕಂದ್ರೆ ಗ್ರೂಪ್ ಅನ್ನೋ ಹೆಸರಲ್ಲಿ ನಾಲ್ಕೈದು ಬೇರೆಬೇರೆ ಸಾಮಾನು ಇಟ್ಟಿದಾರೆ. ಡಿಸ್ಟ್ರಿಬ್ಯೂಷನ್ ಲಿಸ್ಟ್ ಇರೋದು ಮೇಲ್ ಕಳ್ಸೋಕೆ ಮಾತ್ರ, ಅದಕ್ಕೆ ಪರ್ಮಿಷನ್ ಕೊಡೋಕಾಗಲ್ಲ. ಮೈಕ್ರೋಸಾಫ್ಟ್ 365 ಗ್ರೂಪ್ ಮಾಡಿದ್ರೆ ಅದರ ಜೊತೆಗೆ ಮೇಲ್‌ಬಾಕ್ಸು, ಕ್ಯಾಲೆಂಡರ್ರು, ಒಂದು ಸೈಟೂ ಹುಟ್ಕೊಳ್ಳುತ್ತೆ, ಬರೀ ಪರ್ಮಿಷನ್ ಕೊಡೋಕೆ ಅಂತ ಇದನ್ನ ಮಾಡಿದ್ರೆ ಆಮೇಲೆ ಯಾರೂ ಬಳಸ್ದೇ ಇರೋ ಸೈಟ್‌ಗಳ ರಾಶಿ ಬೀಳುತ್ತೆ. ಸೆಕ್ಯುರಿಟಿ ಗ್ರೂಪ್‌ಗೆ ಈ ರಗಳೆ ಯಾವ್ದೂ ಇಲ್ಲ, ಯಾರ್ಯಾರು ಇದಾರೆ ಅನ್ನೋ ಪಟ್ಟಿ ಅಷ್ಟೇ, ಒಂದರೊಳಗೆ ಇನ್ನೊಂದನ್ನ ಹಾಕ್ಲೂಬಹುದು. ಇದ್ರ ಮೇಲೆ ಶೇರ್‌ಪಾಯಿಂಟ್‌ಗೆ ತನ್ನದೇ ಗ್ರೂಪ್ ಬೇರೆ: ಓನರ್ಸ್, ಮೆಂಬರ್ಸ್, ವಿಸಿಟರ್ಸ್. ಅವು ಆ ಸೈಟ್ ದಾಟಿ ಆಚೆ ಬರಲ್ಲ, ಒಂದು ಶೇರ್‌ಪಾಯಿಂಟ್ ಗ್ರೂಪ್ ಒಳಗೆ ಇನ್ನೊಂದು ಶೇರ್‌ಪಾಯಿಂಟ್ ಗ್ರೂಪ್ ಹಾಕೋಕೂ ಆಗಲ್ಲ, ಆದ್ರೆ ಸೆಕ್ಯುರಿಟಿ ಗ್ರೂಪ್ ಹಾಕ್ಬಹುದು. ನನ್ ಪ್ರಕಾರ ಸರಿಯಾದ ದಾರಿ ಅಂದ್ರೆ ಇದೊಂದೇ, ಜನರನ್ನ ಸೆಕ್ಯುರಿಟಿ ಗ್ರೂಪ್‌ಗೆ ಸೇರ್ಸಿ, ಆ ಗ್ರೂಪನ್ನ ವಿಸಿಟರ್ಸ್‌ಗೋ ಮೆಂಬರ್ಸ್‌ಗೋ ಸೇರ್ಸಿ, ಯಾರ ಹೆಸರನ್ನೂ ನೇರವಾಗಿ ಸೈಟ್ ಮೇಲೆ ಹಾಕ್ಬೇಡಿ. ಎಂಟ್ರಾ ಪಿ1 ಅನ್ನೋ ದುಡ್ಡು ಕೊಟ್ಟು ತಗೊಳ್ಳೋ ಲೈಸೆನ್ಸ್ ಇದ್ರೆ ಡೈನಾಮಿಕ್ ಗ್ರೂಪ್ ಸಿಗುತ್ತೆ, ಡಿಪಾರ್ಟ್‌ಮೆಂಟ್ ಫೀಲ್ಡಲ್ಲಿ ಫೈನಾನ್ಸ್ ಅಂತಿದ್ರೆ ತಾನಾಗೇ ಫೈನಾನ್ಸ್ ಗ್ರೂಪ್‌ಗೆ ಸೇರ್ಕೋತಾರೆ, ಬದ್ಲಾದ್ರೆ ತಾನಾಗೇ ಹೊರಗೆ. ಕೇಳೋಕ್ ಸೊಗಸಾಗಿದೆ, ಆದ್ರೆ ಎಚ್‌ಆರ್‌ನೋರು ಆ ಫೀಲ್ಡ್ ಸರಿಯಾಗಿ ತುಂಬಿದ್ರೆ ತಾನೇ!

ಪರ್ಮಿಷನ್ ಲೆವೆಲ್‌ಗಳಲ್ಲಿ, ಅಂದ್ರೆ ಯಾರು ಏನೇನ್ ಮಾಡ್ಬಹುದು ಅನ್ನೋ ಹಂತಗಳಲ್ಲಿ, ಒಂದು ವಿಷ್ಯ ಮಾತ್ರ ಹೇಳ್ತೀನಿ. ಟೀಮ್ ಸೈಟಲ್ಲಿ ಮೆಂಬರ್ಸ್‌ಗೆ ಡಿಫಾಲ್ಟಾಗಿ ಎಡಿಟ್ ಲೆವೆಲ್ ಇರುತ್ತೆ, ಎಡಿಟ್ ಅಂದ್ರೆ ಫೈಲ್ ತಿದ್ದೋದು ಅಷ್ಟೇ ಅಂದ್ಕೋಬೇಡಿ, ಅದ್ರಲ್ಲಿ ಲಿಸ್ಟ್ ಮ್ಯಾನೇಜ್ ಮಾಡೋ ಹಕ್ಕೂ ಸೇರಿದೆ, ಅಂದ್ರೆ ಒಬ್ಬ ಸಾಮಾನ್ಯ ಮೆಂಬರ್ ಇಡೀ ಡಾಕ್ಯುಮೆಂಟ್ ಲೈಬ್ರರಿನೇ ಡಿಲೀಟ್ ಮಾಡ್ಬಹುದು. ರೀಸೈಕಲ್ ಬಿನ್‌ನಲ್ಲಿ 93 ದಿನ ಇರುತ್ತೆ ಅನ್ನೋದೇ ಸಮಾಧಾನ. ಕಾಂಟ್ರಿಬ್ಯೂಟ್ ಲೆವೆಲ್‌ನಲ್ಲಿ ಈ ಹಕ್ಕಿಲ್ಲ, ಫೈಲ್ ಸೇರ್ಸೋದು ತಿದ್ದೋದು ಅಳ್ಸೋದು ಎಲ್ಲಾ ಆಗುತ್ತೆ, ಹೆಚ್ಚಿನ ಜನಕ್ಕೆ ಇಷ್ಟೇ ಸಾಕು. ಇದನ್ನೇ ಡಿಫಾಲ್ಟ್ ಮಾಡಿದ್ರೆ ಏನ್ ಗಂಟು ಹೋಗ್ತಿತ್ತೋ ಗೊತ್ತಿಲ್ಲ.

ಈಗ ಅಸಲಿ ತಲೆನೋವು. ಇಲ್ಲಿ ಪರ್ಮಿಷನ್ ಸೈಟಿಂದ ಲೈಬ್ರರಿಗೆ, ಲೈಬ್ರರಿಯಿಂದ ಫೋಲ್ಡರ್‌ಗೆ, ಫೋಲ್ಡರಿಂದ ಫೈಲ್‌ಗೆ ಇಳ್ಕೊಂಡ್ ಬರುತ್ತೆ, ಇನ್ಹೆರಿಟೆನ್ಸ್ ಅಂತಾರೆ. ಯಾವ್ದಾದ್ರೂ ಫೋಲ್ಡರ್‌ನಲ್ಲಿ ಅದನ್ನ ನಿಲ್ಸಿದ್ರೆ ಆ ಕ್ಷಣಕ್ಕೆ ಇದ್ದ ಪರ್ಮಿಷನ್‌ಗಳ ಕಾಪಿ ತಗೊಂಡು ಅದು ಬೇರೆ ಆಗುತ್ತೆ, ಮನೆಯಿಂದ ಭಾಗ ತಗೊಂಡು ಬೇರೆ ಹೋದೋರ ಥರ, ಆಮೇಲೆ ಸೈಟಲ್ಲಿ ಏನೇ ಹೊಸ ಗ್ರೂಪ್ ಸೇರ್ಸಿದ್ರೂ ತೆಗೆದ್ರೂ ಅದಕ್ಕೆ ಮುಟ್ಟಲ್ಲ. ಇದನ್ನ ಅಡ್ಮಿನ್ ಬೇಕಂತ ಮಾಡಿದ್ರೆ ಪರವಾಗಿಲ್ಲ, ಎಲ್ಲೋ ಬರೆದಿಟ್ಕೊಂಡಿರ್ತಾರೆ. ಆದ್ರೆ ಯಾರೋ ಒಬ್ರು ಶೇರ್ ಬಟನ್ ಒತ್ತಿ ಲಿಂಕ್ ಕಳ್ಸಿದ್ರೂ ಒಳಗೊಳಗೇ ಇದೇ ಆಗುತ್ತೆ! ಆ ಫೈಲ್‌ಗೆ ಬೇರೆ ಪರ್ಮಿಷನ್ ಹುಟ್ಕೊಳ್ಳುತ್ತೆ, ಲಿಂಕಿಗೆ ಅಂತ ಒಂದು ಅಡಗಿರೋ ಗ್ರೂಪೂ ಹುಟ್ಕೊಳ್ಳುತ್ತೆ, ಒತ್ತಿದೋರಿಗೆ ಇದ್ಯಾವ್ದೂ ಗೊತ್ತಾಗಲ್ಲ. ಹಿಂಗೆ ಒಂದು ಲೈಬ್ರರಿಯಲ್ಲಿ 50,000 ಬೇರೆ ಪರ್ಮಿಷನ್‌ವರೆಗೂ ನಡೆಯುತ್ತೆ, ಆದ್ರೆ ಮೈಕ್ರೋಸಾಫ್ಟೇ 5,000 ದಾಟ್ಬೇಡಿ ಅನ್ನುತ್ತೆ. ಫೋಲ್ಡರ್ ಅಥವಾ ಲೈಬ್ರರಿಯಲ್ಲಿ 1,00,000ಕ್ಕಿಂತ ಜಾಸ್ತಿ ಐಟಂ ಸೇರ್ಕೊಂಡ್ಮೇಲೆ ಅದರ ಇನ್ಹೆರಿಟೆನ್ಸ್ ಮುರಿಯೋಕೂ ಆಗಲ್ಲ, ಮತ್ತೆ ಕೂಡ್ಸೋಕೂ ಆಗಲ್ಲ. ಅದಕ್ಕೆ ಗುಟ್ಟಿನ ಫೈಲ್‌ಗಳಿಗೆ ಫೋಲ್ಡರ್ ಪರ್ಮಿಷನ್ ಆಟ ಬೇಡ, ಬೇರೆ ಸೈಟೇ ಮಾಡ್ಬಿಡಿ.

ಇನ್ನೊಂದು, ಇಲ್ಲಿ ಡಿನೈ, ಅಂದ್ರೆ ಇಂಥೋರಿಗೆ ಬೇಡ ಅಂತ ನೇರವಾಗಿ ತಡೆಯೋದು, ಅನ್ನೋದಿಲ್ಲ. ವಿಂಡೋಸ್ ಫೈಲ್ ಸರ್ವರ್ ಬಳ್ಸಿ ಅಭ್ಯಾಸ ಇರೋರು ಇದನ್ನ ಹುಡುಕ್ತಾರೆ, ಸಿಗಲ್ಲ. ಎಲ್ಲಾ ದಾರಿಯಿಂದ ಸಿಕ್ಕಿರೋ ಪರ್ಮಿಷನ್ ಕೂಡಿಸ್ಕೊಂಡು ಎಷ್ಟಾಗುತ್ತೋ ಅಷ್ಟು. ಹಾಗಾಗಿ ಒಬ್ಬರನ್ನ ಗ್ರೂಪಿಂದ ತೆಗೆದ್ರೆ ಅವರ ಆಕ್ಸೆಸ್ ಹೋಯ್ತು ಅಂತ ಅರ್ಥ ಅಲ್ಲ, ನೇರವಾಗಿ ಹೆಸರು ಹಾಕಿರ್ಬಹುದು, ಇನ್ನೊಂದು ಗ್ರೂಪಲ್ಲಿ ಇರ್ಬಹುದು, ಯಾವ್ದೋ ಹಳೇ ಲಿಂಕ್ ಇರ್ಬಹುದು. ಚೆಕ್ ಪರ್ಮಿಷನ್ಸ್ ಬಟನ್ ಒಳ್ಳೇದೇ, ಹೆಸರು ಹಾಕಿದ್ರೆ ಯಾವ ಗ್ರೂಪ್ ಮೂಲಕ ಯಾವ ಲೆವೆಲ್ ಬಂದಿದೆ ಅಂತ ತೋರ್ಸುತ್ತೆ, ಆದ್ರೆ ನೀವು ನಿಂತಿರೋ ಜಾಗದ್ದು ಮಾತ್ರ, ಕೆಳಗೆ ಬೇರೆಯಾಗಿರೋ ಫೋಲ್ಡರ್‌ಗಳದ್ದು ಹೇಳಲ್ಲ.

ಪೂರ್ತಿ ಪಟ್ಟಿ ಬೇಕಂದ್ರೆ ಒಂದು ರಿಪೋರ್ಟ್ ಇದೆ, ಬೇರೆ ಪರ್ಮಿಷನ್ ಇರೋ ಫೈಲ್ ಯಾವ್ದು, ಯಾರಿಗೆ, ಯಾವ ಲಿಂಕ್ ಅಂತ ಸಿಎಸ್‌ವಿ ಫೈಲ್ (ಎಕ್ಸೆಲ್‌ನಲ್ಲಿ ತೆರೆಯೋ ಪಟ್ಟಿ) ಮಾಡಿ ಕೊಡುತ್ತೆ, ಸೈಟ್ ಓನರೇ ತೆಗೀಬಹುದು, ಪವರ್‌ಶೆಲ್ ಅನ್ನೋ ಕಮಾಂಡ್ ಬರೆಯೋ ಟೂಲ್ ಬೇಡ. ಇಷ್ಟು ಒಳ್ಳೇ ಸಾಮಾನನ್ನ ಎಲ್ಲಿಟ್ಟಿದಾರೆ ಹೇಳಿ? ಪರ್ಮಿಷನ್ ಪೇಜಲ್ಲಂತೂ ಅಲ್ಲ, ಸೈಟ್ ಯೂಸೇಜ್ ಪೇಜಲ್ಲಿ, ಎಷ್ಟ್ ಜನ ನೋಡಿದ್ರು ಅನ್ನೋ ಗ್ರಾಫ್‌ಗಳ ಕೆಳಗೆ, ಅದೂ ಹೊರಗಿನೋರ ಜೊತೆ ಶೇರ್ ಆಗಿರೋದು ಅನ್ನೋ ತಲೆಬರಹದಡಿ. ಒಳಗಿನೋರ ಪರ್ಮಿಷನ್ನೂ ಅದ್ರಲ್ಲೇ ಇದೆ ಅಂತ ಯಾರಿಗ್ ಹೊಳೀಬೇಕು.

ಇದಕ್ಕೆಲ್ಲ ಈಗ ಯಾಕೆ ಇಷ್ಟ್ ತಲೆ ಕೆಡಿಸ್ಕೋಬೇಕು ಅಂದ್ರೆ ಮೈಕ್ರೋಸಾಫ್ಟ್‌ನ ಎಐ ಸಹಾಯಕ ಕೋಪೈಲಟ್ ಬಂದಿದೆ. ಅದು ಯಾವ ಬೀಗಾನೂ ಮುರಿಯಲ್ಲ, ಕೇಳ್ದೋರಿಗೆ ಏನು ನೋಡೋ ಹಕ್ಕಿದೆಯೋ ಅದ್ರಿಂದ್ಲೇ ಉತ್ತರ ತೆಗೆಯುತ್ತೆ. ಆದ್ರೆ ಮುಂಚೆ ಸಂಬಳದ ಶೀಟ್ ಎಲ್ರಿಗೂ ತೆರೆದಿದ್ರೂ ಯಾರೂ ಆ ಫೋಲ್ಡರ್ ಹತ್ರ ಹೋಗ್ತಿರ್ಲಿಲ್ಲ, ನಡೀತಿತ್ತು, ಈಗ ಒಂದು ಪ್ರಶ್ನೆ ಕೇಳಿದ್ರೆ ಎದುರಿಗೆ ತಂದಿಡುತ್ತೆ. ಎವ್ರಿಒನ್ ಎಕ್ಸೆಪ್ಟ್ ಎಕ್ಸ್‌ಟರ್ನಲ್ ಯೂಸರ್ಸ್ (ಹೊರಗಿನೋರನ್ನ ಬಿಟ್ಟು ಸಂಸ್ಥೆಯೋರೆಲ್ಲ) ಅಂತ ಒಂದು ರೆಡಿಮೇಡ್ ಗ್ರೂಪ್ ಇದೆಯಲ್ಲ, ಅದು ಎಲ್ಲೆಲ್ಲಿ ಸೇರಿದೆ ಅಂತ ಮೊದ್ಲು ಹುಡುಕಿ, ಅವಸರದಲ್ಲಿ ಎಲ್ಲೆಂದ್ರಲ್ಲಿ ಹಾಕಿರ್ತಾರೆ.

ಶೇರ್‌ಪಾಯಿಂಟ್ ತಗೊಂಡೋರು ಮೊದ್ಲ ದಿನಾನೇ ಅಡ್ಮಿನ್ ಸೆಂಟರ್‌ಗೆ ಹೋಗಿ ಡಿಫಾಲ್ಟ್ ಲಿಂಕನ್ನ ಸ್ಪೆಸಿಫಿಕ್ ಪೀಪಲ್ (ಹೆಸರಿಸಿದೋರಿಗೆ ಮಾತ್ರ) ಅಂತ ಮಾಡಿ, ಲಾಗಿನ್ ಇಲ್ದೇ ಯಾರು ಬೇಕಾದ್ರೂ ತೆರೆಯೋ ಎನಿಒನ್ ಲಿಂಕ್ ಬೇಡವೇ ಬೇಡ ಅಂದ್ರೆ ಆಫ್ ಮಾಡಿ, ಬೇಕೇ ಬೇಕಂದ್ರೆ ಎಕ್ಸ್‌ಪೈರಿ ಹಾಕಿ. ಎಲ್ಲದರ ಮೇಲೂ ಹಕ್ಕಿರೋ ಗ್ಲೋಬಲ್ ಅಡ್ಮಿನ್‌ಗಳನ್ನ ಐದಕ್ಕಿಂತ ಕಮ್ಮಿ ಇಡಿ, ಇದು ಮೈಕ್ರೋಸಾಫ್ಟ್ ಹೇಳೋ ಮಾತೇ, ಸೈಟ್ ನೋಡ್ಕೊಳ್ಳೋರಿಗೆ ಶೇರ್‌ಪಾಯಿಂಟ್ ಅಡ್ಮಿನ್ ರೋಲ್ ಸಾಕು. ಯಾರು ಯಾವಾಗ ಏನ್ ಮಾಡಿದ್ರು ಅನ್ನೋ ದಾಖಲೆ, ಆಡಿಟ್ ಲಾಗ್, ಸ್ಟ್ಯಾಂಡರ್ಡ್ ಪ್ಲಾನಲ್ಲಿ 180 ದಿನ ಅಷ್ಟೇ ಇರುತ್ತೆ, ಹೋದ ವರ್ಷ ಯಾರು ಪರ್ಮಿಷನ್ ಕೊಟ್ರು ಅಂತ ಆಮೇಲೆ ಹುಡುಕೋಕ್ ಹೋಗ್ಬೇಡಿ.

ಬರೀ ಹತ್ತಿಪ್ಪತ್ತು ಜನ ಇದ್ದು ಒಂದು ಪಬ್ಲಿಕ್ ಸೈಟ್ ನಡೆಸೋರಿಗೆ ಇದು ಯಾವ್ದೂ ಬೇಡ, ಸೈಟ್ ಕಟ್ಟೋ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ನ ಅಡ್ಮಿನಿಸ್ಟ್ರೇಟರ್, ಎಡಿಟರ್, ಆಥರ್, ಕಾಂಟ್ರಿಬ್ಯೂಟರ್, ಸಬ್‌ಸ್ಕ್ರೈಬರ್ ಅನ್ನೋ ಐದು ರೋಲಲ್ಲೇ ಕೆಲಸ ಮುಗಿಯುತ್ತೆ. ದೊಡ್ಡ ಸಂಸ್ಥೆಗೆ, ಅದೂ ಎಂಟ್ರಾ ಆಗ್ಲೇ ಇದ್ರೆ, ಶೇರ್‌ಪಾಯಿಂಟ್ ಬಿಟ್ಟು ಬೇರೆ ಕಡೆ ಹೋಗಿ ಅಂತ ನಾನ್ ಹೇಳಲ್ಲ. ಐದಕ್ಕೆ ಮೂರೂವರೆ. ಆ ರಿಪೋರ್ಟ್ ಬಟನ್ನನ್ನ ಪರ್ಮಿಷನ್ ಪೇಜ್‌ಗೆ ತಂದಿಟ್ಟು ಮೆಂಬರ್ಸ್‌ಗೆ ಕಾಂಟ್ರಿಬ್ಯೂಟ್ ಡಿಫಾಲ್ಟ್ ಮಾಡಿದ್ರೆ ನಾಲ್ಕೂ ಕೊಡ್ತಿದ್ದೆ.