ತಿಮಿಂಗಿಲ ನೋಡಲು ದೊಡ್ಡ ಬೋಟಾ, ಚಿಕ್ಕ ಬೋಟಾ, ದಡವೇ ಸಾಕಾ?

ಸಮುದ್ರದಿಂದ ದೂರದ ಊರಿನವರು ಮೊದಲು ಲೆಕ್ಕ ಹಾಕಬೇಕಾದದ್ದು ದಿನಗಳನ್ನು. ಗಾಳಿ ಜೋರಾದರೆ ಬೋಟ್ ಹೊರಡುವುದೇ ಇಲ್ಲ, ಹಾಗಾಗಿ ಅಷ್ಟು ದೂರ ಹೋಗಿ ಸುಮ್ನೆ ವಾಪಸ್ ಬರುವ ಬದಲು ಒಂದೆರಡು ದಿನ ಜಾಸ್ತಿ ಇಟ್ಟುಕೊಳ್ಳಿ.

ಖರ್ಚು ನೋಡಿದರೆ ದಡವೇ ಅಗ್ಗ. ದಕ್ಷಿಣ ಆಫ್ರಿಕಾದ ಹರ್ಮಾನಸ್‌ನಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಬಂಡೆ ಮೇಲೆ ಕೂತೇ ಸದರ್ನ್ ರೈಟ್ ತಿಮಿಂಗಿಲ ನೋಡಬಹುದು, ತಾಳ್ಮೆ ಮತ್ತು ಬೈನಾಕ್ಯುಲರ್ ಇದ್ದರೆ ಸಾಕು. ಆದರೆ ನೀಲಿ ತಿಮಿಂಗಿಲವೇ ಬೇಕೆಂದರೆ ಬೋಟ್ ಹತ್ತಲೇಬೇಕು. ಶ್ರೀಲಂಕಾದ ಮಿರಿಸ್ಸಾದಲ್ಲಿ ಅದಕ್ಕೆ ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ.

ಇನ್ನು ಹೊಟ್ಟೆಯ ವಿಷಯ. ಅಲೆಯ ಅಭ್ಯಾಸ ಇಲ್ಲದವರಿಗೆ ವಾಂತಿ ಬರುವುದು ಸಹಜ ಅಲ್ವಾ? ದೊಡ್ಡ ಬೋಟ್‌ನಲ್ಲಿ ಕುಲುಕಾಟ ಕಡಿಮೆ, ನಡುಭಾಗದಲ್ಲಿ ಕೆಳಗಡೆ ಕೂತರೆ ಇನ್ನೂ ಕಡಿಮೆ, ಶೌಚಾಲಯವೂ ಸಾಮಾನ್ಯವಾಗಿ ಇರುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ಬೋಟ್ ಹತ್ತುವ ಮೊದಲೇ ನುಂಗಿ, ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ!

ಚಿಕ್ಕ ರಬ್ಬರ್ ಬೋಟ್ ನೀರಿಗೆ ಅಂಟಿಕೊಂಡೇ ಓಡುತ್ತದೆ, ಆ ಅನುಭವವೇ ಬೇರೆ. ಆದರೆ ಮೈಯೆಲ್ಲ ಒದ್ದೆ, ಬೆನ್ನಿಗೆ ಏಟು. ಬೆನ್ನುನೋವಿನವರು, ಗರ್ಭಿಣಿಯರು, ಪುಟ್ಟ ಮಕ್ಕಳಿರುವವರು ಅದನ್ನು ಬಿಟ್ಟುಬಿಡಿ. ಇಬ್ಬರು ಗಟ್ಟಿ ಗೆಳೆಯರು ಹೊರಟಿದ್ದರೆ ನಾನಂತೂ ಅದನ್ನೇ ಹೇಳುತ್ತೇನೆ. ಮನೆಮಂದಿಯೆಲ್ಲ ಹೊರಟಿದ್ದರೆ ದೊಡ್ಡ ಬೋಟ್, ನೀರೆಂದರೆ ಹೆದರುವ ಅಜ್ಜಿ ಜೊತೆಗಿದ್ದರೆ ದಡ.