ಬ್ಯಾಬಿಲಾನ್ 5: ಐದು ಸೀಸನ್, ಒಂದೇ ಕಥೆ

ಬಾಹ್ಯಾಕಾಶ ನಿಲ್ದಾಣವೊಂದರಲ್ಲಿ ನಡೆಯುವ ಈ ಅಮೆರಿಕನ್ ಸೀರಿಯಲ್ ಬಗ್ಗೆ ನಮ್ಮಲ್ಲಿ ಮಾತಾಡುವವರು ತೀರಾ ಕಡಿಮೆ. ನನಗೆ ಅದೇ ಬೇಜಾರು. 1994ರಿಂದ 1998ರವರೆಗೆ ಬಂದ 110 ಕಂತುಗಳಲ್ಲಿ 92 ಬರೆದದ್ದು ಒಬ್ಬರೇ, ಜೆ. ಮೈಕಲ್ ಸ್ಟ್ರಾಜಿನ್ಸ್ಕಿ. ಗ್ರಾಫಿಕ್ಸ್ ಹಳೆಯದು, ಮೊದಲ ಸೀಸನ್ ನಿಧಾನ. ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ.

ಶುರುವಿನಲ್ಲೇ ರಾಯಭಾರಿ ಲಾಂಡೋ ತನ್ನ ಸಾವಿನ ಕನಸು ಹೇಳುತ್ತಾನೆ: ಮುದುಕನಾದಾಗ ಶತ್ರು ಗ್ರಹದ ರಾಯಭಾರಿ ಜೀಕಾರ್ ತನ್ನ ಕತ್ತು ಹಿಸುಕುತ್ತಾನಂತೆ. ಇಬ್ಬರೂ ಹಗೆಗಳು, ಸಹಜ ತಾನೇ ಅಂದುಕೊಂಡು ಮುಂದೆ ಹೋದೆ. ಮೂರನೇ ಸೀಸನ್‌ನಲ್ಲಿ ಅದೇ ದೃಶ್ಯ ಕಣ್ಣಮುಂದೆ ಬಂತು. ಅದೇ ಕೈ, ಅದೇ ಕತ್ತು. ಆದರೆ ಕೊಲ್ಲು ಅಂತ ಬೇಡಿಕೊಂಡವನು ಲಾಂಡೋನೇ! ಟಿವಿ ನಿಲ್ಲಿಸಿ ಸುಮ್ನೆ ಕೂತುಬಿಟ್ಟೆ. ಆಮೇಲೆ ಮೊದಲ ಕಂತು ಮತ್ತೆ ಹಾಕಿದೆ. ಕನಸು ಹೇಳುವಾಗ ಅವನ ಮುಖ ಈಗ ಬೇರೆಯೇ ಕಂಡಿತು.