ಇನಿಷಿಯಲ್ಲಿಗೆ ಎಲ್ಲಿದೆ ಜಾಗ: ಎರಡು ಜಾಲತಾಣಗಳು ಮತ್ತು ನನ್ನ ಬ್ಲಾಗ್

ಕಳೆದ ತಿಂಗಳು ನನ್ನ ಬ್ಲಾಗಿನ ವಿಳಾಸವನ್ನು ಇನ್ನು ಮೂರು ವರ್ಷಗಳಿಗೆ ನವೀಕರಿಸಿದೆ. ಅದೇ ವಾರ ಒಂದು ದೊಡ್ಡ ಜಾಲತಾಣಕ್ಕೆ ತಿಂಗಳು ತಿಂಗಳೂ ಕಟ್ಟುತ್ತಿದ್ದ ದೃಢೀಕರಣದ ಶುಲ್ಕವನ್ನು, ಅಂದರೆ ಖಾತೆ ನಿಜಕ್ಕೂ ನನ್ನದೇ ಎಂದು ತೋರಿಸುವ ಗುರುತಿನ ಹಣವನ್ನು, ನಿಲ್ಲಿಸಿದೆ. ತನ್ನದೊಂದು ಹೆಸರಿನಲ್ಲಿ ಬರೆಯಲು, ನಾಲ್ಕು ಜನರೊಡನೆ ಮಾತನಾಡಲು ಬಯಸುವ ನನ್ನಂಥವರಿಗೆ ಅಂತರಜಾಲದಲ್ಲಿ ಯಾವ ಜಾಗ ಹೊಂದುತ್ತದೆ ಎಂದು ಯಾರಾದರೂ ಕೇಳಿದರೆ ಸ್ವಂತ ಬ್ಲಾಗ್ ಎಂದೇ ಹೇಳುತ್ತೇನೆ, ಮತ್ತು ಅದನ್ನು ಇಲ್ಲಿ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಹೋಲಿಕೆಗೆ ತೆಗೆದುಕೊಂಡ ಉಳಿದೆರಡರ ಹೆಸರನ್ನು ನಾನು ಬರೆಯುವುದಿಲ್ಲ. ಬಂಧುಗಳೂ ಸಹಪಾಠಿಗಳೂ ಸಹೋದ್ಯೋಗಿಗಳೂ ಸೇರುವ ಮೊದಲನೆಯದನ್ನು ಪರಿಚಯದ ಜಾಲ ಎಂದೂ, ಚಿತ್ರ ಮತ್ತು ಕಿರುವಿಡಿಯೊಗಳ ಎರಡನೆಯದನ್ನು ಚಿತ್ರದ ಜಾಲ ಎಂದೂ ಕರೆಯುತ್ತೇನೆ. ಯಾವುದರಲ್ಲಿ ಯಾವ ಸೌಲಭ್ಯವಿದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬಿಟ್ಟು, ಈ ಮೂರೂ ನನ್ನನ್ನು ಏನನ್ನಾಗಿ ಮಾಡಿದವು ಎಂಬುದನ್ನಷ್ಟೇ ಹೇಳುತ್ತೇನೆ.

ಪರಿಚಯದ ಜಾಲದಲ್ಲಿ ನನಗೆ ಎದುರಾದ ತೊಡಕು ಒಂದೇ, ಆದರೆ ಅದು ಹನ್ನೆರಡು ವರ್ಷ ಬೆನ್ನು ಬಿಡಲಿಲ್ಲ. ಅದು ಹೆಸರಿನ ಖಾನೆ. ಖಾತೆ ತೆರೆಯುವಾಗ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆಗಳಿದ್ದವು. ಎರಡನ್ನೂ ತುಂಬದೆ ಮುಂದೆ ಹೋಗುವಂತಿರಲಿಲ್ಲ. ನಾನು ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ಕಡೆಯ ರೂಢಿಯಂತೆ ನನ್ನ ಹೆಸರಿನ ಮುಂದೆ ಎರಡು ಅಕ್ಷರಗಳಿವೆ: ಒಂದು ಊರಿನದು, ಇನ್ನೊಂದು ತಂದೆಯದು. ಕೊನೆಯ ಹೆಸರು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಬೆಳಗಾವಿ, ಧಾರವಾಡಗಳ ಕಡೆ ಪಾಟೀಲ, ಕುಲಕರ್ಣಿ, ಮೆಣಸಿನಕಾಯಿ ಎಂಬಂಥ ಮನೆತನದ ಹೆಸರುಗಳಿವೆ, ಕರಾವಳಿಯಲ್ಲಿ ಶೆಟ್ಟಿ, ರೈ, ಭಟ್ ಎಂಬವುಗಳಿವೆ. ತುಮಕೂರು, ಹಾಸನ, ಮಂಡ್ಯಗಳ ಕಡೆ ಬಹಳಷ್ಟು ಜನರಿಗೆ ಇನಿಷಿಯಲ್ಲೇ ಎಲ್ಲವೂ ಆಗಿದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎನ್ನುವಾಗ ಊರು ಮೊದಲು ಬರುತ್ತದೆ, ತಂದೆ ಆಮೇಲೆ, ವ್ಯಕ್ತಿ ಕಟ್ಟಕಡೆಗೆ. ಎಲ್ಲಿಂದ ಬಂದೆ, ಯಾರ ಮಗಳು, ಆಮೇಲೆ ನೀನು ಯಾರು ಎಂಬ ಈ ಕ್ರಮವನ್ನು ನಾನು ಪ್ರೀತಿಸುತ್ತೇನೆ. ಅರ್ಜಿಯ ಆ ಎರಡು ಖಾನೆಗಳು ಅದನ್ನು ತಿರುಗಿಸಿ ನಿಲ್ಲಿಸಿದವು.

ನಾನು ಮೊದಲು ಎರಡು ಅಕ್ಷರಗಳನ್ನು ಚುಕ್ಕಿಗಳೊಡನೆ ಕೊನೆಯ ಖಾನೆಯಲ್ಲಿ ಬರೆದೆ. ಅದು ಹೆಸರಲ್ಲ ಎಂದು ತಿರಸ್ಕೃತವಾಯಿತು. ಊರಿನ ಹೆಸರನ್ನು ಪೂರ್ತಿಯಾಗಿ ಬರೆದೆ, ಅದು ಒಪ್ಪಿಗೆಯಾಯಿತು. ಆದರೆ ಅಪರಿಚಿತರು ಅದನ್ನು ಜಾತಿಸೂಚಕವೆಂದು ತಿಳಿದು ‘ನೀವು ನಮ್ಮವರೇ ಅಲ್ಲವೇ’ ಎಂದು ಕೇಳತೊಡಗಿದರು, ಯಾವುದೋ ಸಮುದಾಯದ ಗುಂಪಿಗೆ ನನ್ನನ್ನು ಕೇಳದೆಯೇ ಸೇರಿಸಿದರು. ಬೇಸರದಿಂದ ಅದನ್ನು ತೆಗೆದು ತಂದೆಯ ಹೆಸರು ಹಾಕಿದೆ. ಆಗ ನನ್ನೊಂದಿಗೆ ಓದಿದ ಗೆಳತಿಯರೂ ನನ್ನನ್ನು ತಂದೆಯ ಹೆಸರಿನಿಂದ ಕರೆಯುವ ಸಂದೇಶಗಳು ಬಂದವು. ತೀರಿಕೊಂಡಿರುವ ಅವರ ಹೆಸರು ನನ್ನ ಹೆಸರಿನ ಜಾಗದಲ್ಲಿ ಪದೇ ಪದೇ ಕಾಣುವುದನ್ನು ಸಹಿಸಲಾಗಲಿಲ್ಲ. ಆಮೇಲೆ ನಾದಿನಿಯ ಸಲಹೆಯಂತೆ ಪತಿಯ ಹೆಸರನ್ನು ಹಾಕಿದೆ, ಮತ್ತು ನನ್ನ ಪ್ರಬಂಧಗಳನ್ನು ಮೆಚ್ಚಿದವರು ಅವರನ್ನು ಅಭಿನಂದಿಸಿದರು. ಹೀಗೆ ಏಳೆಂಟು ವರ್ಷಗಳಲ್ಲಿ ನಾನು ಮೂವರು ಬೇರೆ ಬೇರೆ ಹೆಂಗಸರಾಗಿ ಜನರೆದುರು ಕಾಣಿಸಿಕೊಂಡೆ, ಮೂವರಲ್ಲಿ ಯಾರೂ ನಾನಾಗಿರಲಿಲ್ಲ.

ದೃಢೀಕರಣದ ಗುರುತಿಗಾಗಿ ಹಣ ಕಟ್ಟಿದ್ದು ಇದಕ್ಕೊಂದು ಕೊನೆಯಾಗಲಿ ಎಂದು. ಗುರುತಿನ ಚೀಟಿಯಲ್ಲಿರುವ ಹೆಸರೂ ಖಾತೆಯ ಹೆಸರೂ ಒಂದೇ ಆಗಿರಬೇಕೆಂಬ ನಿಯಮವಿತ್ತು. ನನ್ನ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದಿದೆ, ಆಧಾರ್ ಚೀಟಿಯಲ್ಲಿ ಹಿಂದಿದೆ, ಮದುವೆಯ ನಂತರ ಮಾಡಿಸಿದ ಇನ್ನೊಂದು ದಾಖಲೆಯಲ್ಲಿ ಪತಿಯ ಹೆಸರು ಸೇರಿಕೊಂಡಿದೆ. ದಾಖಲೆಗಳಲ್ಲೇ ಒಂದಾಗಿರದ ನನ್ನನ್ನು ಆ ಜಾಲತಾಣ ಒಂದಾಗಿಸಲು ಹೊರಟಾಗ ಖಾತೆ ಪರಿಶೀಲನೆಯ ಹೆಸರಿನಲ್ಲಿ ಹತ್ತೊಂಬತ್ತು ದಿನ ಸ್ಥಗಿತಗೊಂಡಿತು. ದೂರಿಗೆ ಬಂದ ಮೂರು ಉತ್ತರಗಳೂ ಅಕ್ಷರಶಃ ಒಂದೇ ಆಗಿದ್ದವು. ಇಪ್ಪತ್ತನೆಯ ದಿನ ಖಾತೆ ಮರಳಿದಾಗ ತಂದೆಯ ಮೊದಲಕ್ಷರವೊಂದೇ ನನ್ನ ಕೊನೆಯ ಹೆಸರಾಗಿತ್ತು, ಊರು ಬಿಟ್ಟುಹೋಗಿತ್ತು. ಕೊಟ್ಟ ಹೆಸರು (ಗಿವನ್ ನೇಮ್) ಎಂಬ ಖಾನೆ ಖಾಲಿಯಿರುವ ಪಾಸ್‌ಪೋರ್ಟ್ ಹಿಡಿದು ಅಮೆರಿಕಕ್ಕೆ ಹೋದವರ ವೀಸಾದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ತಿಳಿಯದು, ಎಂದು ಅಚ್ಚಾಗುತ್ತದೆ. ಅಲ್ಲಿ ಕೆಲವರು ಅದನ್ನೇ ಇವರ ಹೆಸರೆಂದು ತಿಳಿದು ಕರೆಯುವುದೂ ಉಂಟು. ಆ ಅವಮಾನ ಎಂಥದ್ದೆಂದು ನನಗೆ ತುಮಕೂರಿನಲ್ಲಿ ಕುಳಿತೇ ಅರ್ಥವಾಯಿತು.

ಆದರೆ ಖಾತೆಯಿಲ್ಲದ ಆ ಹತ್ತೊಂಬತ್ತು ದಿನಗಳು ಕಲಿಸಿದ್ದು ಇನ್ನೂ ದೊಡ್ಡದು. ಮೊದಲ ವಾರ ನಾನು ನೋಡಿದ್ದೆಲ್ಲವೂ ಪೋಸ್ಟಿನ ರೂಪದಲ್ಲೇ ಮನಸ್ಸಿಗೆ ಬರುತ್ತಿತ್ತು. ಕಾಲೇಜಿನ ಅಂಗಳದಲ್ಲಿ ಹೊಂಗೆಯ ಹೂವು ಉದುರಿ ನೆಲ ಬೆಳ್ಳಗಾಗಿದ್ದರೆ, ಅದನ್ನು ನೋಡುವ ಮೊದಲೇ ಅದರ ಬಗ್ಗೆ ಹೇಗೆ ಬರೆಯಬೇಕೆಂಬ ವಾಕ್ಯ ಸಿದ್ಧವಾಗಿರುತ್ತಿತ್ತು, ಆ ವಾಕ್ಯಕ್ಕೆ ಯಾರು ಏನು ಹೇಳುತ್ತಾರೆ ಎಂಬುದೂ ಸಿದ್ಧವಾಗಿರುತ್ತಿತ್ತು. ಹಾಕಲು ಜಾಗವಿಲ್ಲದ್ದರಿಂದ ಆ ವಾಕ್ಯಗಳು ಒಳಗೇ ಉಳಿದು ಕಾಡಿದವು. ಎರಡನೆಯ ವಾರದ ಕೊನೆಗೆ ಅವು ಬರುವುದು ನಿಂತಿತು, ಮತ್ತು ಬಹಳ ವರ್ಷಗಳ ನಂತರ ನಾನು ಒಂದು ಮರವನ್ನು ಯಾರಿಗೂ ಹೇಳದೆ ನೋಡಿದೆ. ನನ್ನ ಖಾಸಗಿ ಯೋಚನೆಗೂ ಪೋಸ್ಟ್ ಬರೆಯುವ ಆ ಪೆಟ್ಟಿಗೆಯ ಅಳತೆಯೇ ಬಂದುಬಿಟ್ಟಿತ್ತೆಂದು ಆಗ ತಿಳಿದು ನಿಜಕ್ಕೂ ಹೆದರಿದೆ.

ಪರಿಚಯದ ಜಾಲದ ಮತ್ತೊಂದು ಸಂಗತಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಪ್ರಾಂಶುಪಾಲರು, ಮಾವನವರು, ವಿದ್ಯಾರ್ಥಿನಿಯರು, ಪ್ರಾಥಮಿಕ ಶಾಲೆಯ ಗೆಳತಿ ಇವರೆಲ್ಲರೂ ಒಂದೇ ಕೋಣೆಯಲ್ಲಿ ಕುಳಿತು ಕೇಳುತ್ತಿರುವಾಗ ಯಾರೊಂದಿಗೂ ಆಡುವ ಮಾತನ್ನು ಆಡಲಾಗುವುದಿಲ್ಲ. ಆಲಿಸ್ ಮಾರ್ವಿಕ್ ಮತ್ತು ಡಾನಾ ಬಾಯ್ಡ್ ಎಂಬ ಸಂಶೋಧಕರು ಟ್ವಿಟರ್ ಬಳಕೆದಾರರನ್ನು ಕುರಿತು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಸಂದರ್ಭಗಳ ಕುಸಿತ ಎಂಬರ್ಥದ ಮಾತಿನಿಂದ ಗುರುತಿಸಿದ್ದಾರೆ. ನನ್ನ ಮಟ್ಟಿಗೆ ಆ ಕುಸಿತದಲ್ಲಿ ಉಳಿದದ್ದು ಹಬ್ಬದ ಶುಭಾಶಯ ಮತ್ತು ನಿವೃತ್ತಿಯಾದವರ ಫೋಟೊ ಮಾತ್ರ.

ಚಿತ್ರದ ಜಾಲದಲ್ಲಿ ಹೆಸರಿನ ತೊಡಕಿಲ್ಲ. ಯಾವ ಹೆಸರಾದರೂ ನಡೆಯುತ್ತದೆ, ಒಬ್ಬರೇ ಎರಡು ಮೂರು ಖಾತೆಗಳನ್ನೂ ಇಟ್ಟುಕೊಳ್ಳಬಹುದು. 2020ರ ಜೂನ್ 29ರಂದು ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾದ ಮೇಲೆ ಕಿರುವಿಡಿಯೊಗಳು ಬೇರೆ ಆ್ಯಪ್‌ಗಳಿಗೆ ಹರಿದು ಬಂದ ಕಾಲದಲ್ಲಿ ನಾನೂ ಅಲ್ಲಿ ಖಾತೆ ತೆರೆದೆ. ಪಂಪನ ಒಂದು ಪದ್ಯವನ್ನು ನಲವತ್ತು ಸೆಕೆಂಡುಗಳಲ್ಲಿ ಓದಿ ಅರ್ಥ ಹೇಳಿದ ವಿಡಿಯೊವನ್ನು, ನಾನು ಹತ್ತು ವರ್ಷ ಬರೆದದ್ದನ್ನೆಲ್ಲ ಓದಿದವರಿಗಿಂತ ಹೆಚ್ಚು ಜನ ಮೂರು ದಿನಗಳಲ್ಲಿ ನೋಡಿದರು. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಮುಂದಿನ ಐದು ತಿಂಗಳು ವಾರಕ್ಕೆ ಎರಡರಂತೆ ಅಂಥವನ್ನು ಮಾಡಿದೆ. ಯಾವ ಪದ್ಯಕ್ಕೆ ಮೊದಲ ಮೂರು ಸೆಕೆಂಡಿನಲ್ಲಿ ಜನ ನಿಲ್ಲುತ್ತಾರೆ ಎಂದು ಅಂಕಿಗಳು ಹೇಳುತ್ತಿದ್ದವು. ಕ್ರಮೇಣ ನಾನು ಆರಿಸುವ ಪದ್ಯಗಳೂ, ಉಡುವ ಸೀರೆಯ ಬಣ್ಣವೂ, ದನಿಯ ಏರಿಳಿತವೂ ಆ ಅಂಕಿಗಳ ಕಡೆಗೆ ವಾಲಿದವು. ಒಂದು ದಿನ ದ್ವಿತೀಯ ಪಿಯುಸಿ ತರಗತಿಯಲ್ಲಿ ಒಬ್ಬ ಹುಡುಗಿ ಬಹಳ ವಿನಯದಿಂದ ‘ಮೇಡಂ, ಮೊದಲಿನ ಹಾಗೆ ನಿಧಾನವಾಗಿ ಪಾಠ ಮಾಡಿ, ಈಗ ನೀವು ರೀಲ್ಸ್ ಥರ ಮಾಡ್ತೀರಿ’ ಎಂದಳು. ಇಪ್ಪತ್ತು ವರ್ಷ ಕಟ್ಟಿಕೊಂಡ ದನಿಯನ್ನು ಐದು ತಿಂಗಳಲ್ಲಿ ಕಳೆದುಕೊಂಡಿದ್ದೆ. ಅದನ್ನು ನನಗಿಂತ ಮೊದಲು ಗಮನಿಸಿದ್ದು ಆ ಮಗು. ಅಂದು ಸಂಜೆಯೇ ಆ ಆ್ಯಪನ್ನು ತೆಗೆದುಹಾಕಿದೆ.

ವಾಟ್ಸ್‌ಆ್ಯಪ್ ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅಳಿಸಿಹೋಗುವುದರಿಂದ ಅದನ್ನು ಬರವಣಿಗೆಯ ಜಾಗವೆಂದು ಲೆಕ್ಕಕ್ಕೆ ಹಿಡಿದಿಲ್ಲ. 2016ರಲ್ಲಿ ಆರಂಭವಾದ ಮ್ಯಾಸ್ಟೊಡಾನ್ ಎಂಬ ಇನ್ನೊಂದು ಸಾಮಾಜಿಕ ಜಾಲವನ್ನು ಎರಡು ತಿಂಗಳು ಬಳಸಿದೆ. ಅಲ್ಲಿ ಹೆಸರಿಗೆ ಒಂದೇ ಖಾನೆ, ಚುಕ್ಕಿಗಳೂ ಸಲ್ಲುತ್ತವೆ, ಬರಹಗಳು ಬಂದ ಕ್ರಮದಲ್ಲೇ ಕಾಣುತ್ತವೆ. ಆದರೆ ನನಗೆ ಸಿಕ್ಕ ಕನ್ನಡಿಗರು ಬೆರಳೆಣಿಕೆಯಷ್ಟು ಮಂದಿ. ಕನ್ನಡದ ಗೆಳೆಯರ ಗುಂಪೊಂದು ಒಟ್ಟಿಗೆ ಹೋಗುವುದಾದರೆ ಅದನ್ನು ಖಂಡಿತ ನೋಡಬಹುದು.

ಹೆಸರನ್ನು ತಾನೇ ಆರಿಸಿಕೊಳ್ಳುವುದು ಕನ್ನಡಕ್ಕೆ ಹೊಸದಲ್ಲ ಎಂಬುದು ಈ ಎಲ್ಲ ಗೊಂದಲದ ನಡುವೆ ನನಗೆ ಧೈರ್ಯ ಕೊಟ್ಟಿತು. ಕಿಶೋರಚಂದ್ರವಾಣಿ ಎಂದು ಬರೆಯುತ್ತಿದ್ದ ತರುಣರು ಮುಂದೆ ಕುವೆಂಪು ಆದರು, ಬೇಂದ್ರೆಯವರು ಅಂಬಿಕಾತನಯದತ್ತರಾದರು, ಮಾಸ್ತಿಯವರು ಶ್ರೀನಿವಾಸರಾದರು, ಅನಸೂಯಾ ಶಂಕರ್ ಅವರು ತ್ರಿವೇಣಿಯಾದರು. ಇನ್ನೂ ಹಿಂದಕ್ಕೆ ಹೋದರೆ ವಚನಕಾರರ ಅಂಕಿತವಿದೆ. ಹನ್ನೆರಡನೆಯ ಶತಮಾನದ ಬಸವಣ್ಣನವರು ತಮ್ಮ ಮಾತಿಗೆ ಕೂಡಲಸಂಗಮದೇವ ಎಂದೂ, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನ ಎಂದೂ ರುಜು ಹಾಕಿದರು. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಪಾಠ ಮಾಡಿದ್ದರೂ ಅದರ ಅರ್ಥ ನನಗೆ ಹೊಳೆದದ್ದು ಖಾತೆ ಕಳೆದುಕೊಂಡ ದಿನಗಳಲ್ಲಿ. ಆ ರುಜು ಹೇಳಿದವರ ಹೆಸರಲ್ಲ. ಯಾರ ಎದುರು ನಿಂತು ಹೇಳಿದರೋ ಅವರ ಹೆಸರು. ಮಾತನಾಡುವ ‘ನಾನು’ ರೂಪ ಪಡೆಯುವುದು ಕೇಳುವವರ ಎದುರಿನಲ್ಲಿ. ಪರಿಚಯದ ಜಾಲದಲ್ಲಿ ಕೇಳುವವರು ಎಲ್ಲರೂ ಆಗಿದ್ದರು, ಚಿತ್ರದ ಜಾಲದಲ್ಲಿ ಒಂದು ಸಂಖ್ಯೆಯಾಗಿದ್ದರು. ಎರಡೂ ಕಡೆ ಆ ಆಯ್ಕೆ ನನ್ನದಾಗಿರಲಿಲ್ಲ.

ಬ್ಲಾಗಿನಲ್ಲಿ ಅದು ನನ್ನದು. ಪುಟದ ಮೇಲ್ತುದಿಯಲ್ಲಿ ನನ್ನ ಹೆಸರು ಕನ್ನಡದಲ್ಲಿ, ಎರಡು ಇನಿಷಿಯಲ್‌ಗಳೂ ಚುಕ್ಕಿಗಳೂ ಮುಂದೆ ಇರುವಂತೆ ನಿಂತಿದೆ. ‘ನನ್ನ ಬಗ್ಗೆ’ ಎಂಬ ಪುಟವನ್ನು ಬರೆಯಲು ಮೂರು ವಾರ ಹಿಡಿಯಿತು, ಏಕೆಂದರೆ ಅಲ್ಲಿ ತುಂಬಬೇಕಾದ ಖಾನೆಗಳೇ ಇರಲಿಲ್ಲ. ವಿದ್ಯಾರ್ಹತೆಯಿಂದ ಆರಂಭಿಸಿ ಹರಿದುಹಾಕಿದೆ, ಕೊನೆಗೆ ನಮ್ಮೂರಿನ ಕೆರೆಯಿಂದ ಆರಂಭಿಸಿದೆ. ಎಷ್ಟು ಜನ ನೋಡಿದರು ಎಂದು ತೋರಿಸುವ ಸಾಧನವನ್ನು ಅಳವಡಿಸಿಕೊಂಡಿಲ್ಲ. ಹೊಸ ಬರಹ ಬಂದಾಗ ಮಿಂಚಂಚೆಯಲ್ಲಿ ತಿಳಿಯಬೇಕೆಂದು ಹೆಸರು ಕೊಟ್ಟವರು ಮೂವತ್ತೈದು ಮಂದಿ. ಬರೆಯುವಾಗ ಅವರಲ್ಲಿ ಹತ್ತಾರು ಜನರ ಮುಖ ನನ್ನ ಕಣ್ಣ ಮುಂದಿರುತ್ತದೆ.

ಕೊರತೆಗಳೂ ಇವೆ. ಹೊಸ ಓದುಗರು ತಾವಾಗಿ ಬರುವುದಿಲ್ಲ, ವಾರಗಟ್ಟಲೆ ಒಂದು ಮಾತೂ ಬಾರದೆ ಇರುವುದುಂಟು, ಪ್ರತಿಕ್ರಿಯೆಯ ಜಾಗಕ್ಕೆ ಜಾಹೀರಾತಿನ ಕಸ ಬಂದು ಬೀಳುತ್ತದೆ. ಕನ್ನಡ ಅಕ್ಷರಗಳಲ್ಲೇ ‘.ಭಾರತ’ ಎಂದು ಮುಗಿಯುವ ವಿಳಾಸ ಪಡೆಯಲು ಸಾಧ್ಯವಿದೆ, ನಾನು ಬಯಸಿದ್ದೂ ಅದನ್ನೇ. ಆದರೆ ಅಂಥ ವಿಳಾಸವನ್ನು ನಕಲಿಸಿ ಬೇರೆ ಕಡೆ ಅಂಟಿಸಿದಾಗ ಕೆಲವೊಮ್ಮೆ ಎಕ್ಸ್, ಎನ್ ಮತ್ತು ಎರಡು ಅಡ್ಡಗೆರೆಗಳಿಂದ ತೊಡಗುವ ಅರ್ಥವಿಲ್ಲದ ಅಕ್ಷರಮಾಲೆಯಾಗಿ ಕಾಣುತ್ತದೆ. ನೋಡಿದವರು ಮೋಸದ ಕೊಂಡಿಯೆಂದು ಒತ್ತದೆ ಬಿಡುತ್ತಾರೆ. ಹಾಗಾಗಿ ಇಂಗ್ಲಿಷ್ ಅಕ್ಷರದ ವಿಳಾಸಕ್ಕೇ ಒಪ್ಪಿಕೊಂಡೆ, ಆ ನೋವು ಇನ್ನೂ ಇದೆ.

ಖರ್ಚಿನ ಮಾತು. ವಿಳಾಸ ಮತ್ತು ಅಂತರಜಾಲದಲ್ಲಿ ಬರಹಗಳನ್ನಿಡುವ ಜಾಗದ ಬಾಡಿಗೆ ಸೇರಿ ನನಗೆ ವರ್ಷಕ್ಕೆ ಸುಮಾರು 2,800 ರೂಪಾಯಿ ಆಗುತ್ತದೆ. ದೃಢೀಕರಣದ ಗುರುತಿಗೆ ಐದು ತಿಂಗಳಲ್ಲಿ ಕಟ್ಟಿದ ಹಣ ಇದಕ್ಕಿಂತ ಹೆಚ್ಚು. ಇಷ್ಟೂ ಬೇಡವೆನ್ನುವವರು ಉಚಿತ ಬ್ಲಾಗ್ ಸೇವೆಗಳಿಂದ ಆರಂಭಿಸಿ, ಬರಹಗಳ ಒಂದು ಪ್ರತಿಯನ್ನು ತಮ್ಮ ಕಂಪ್ಯೂಟರಿನಲ್ಲಿ ತಪ್ಪದೆ ಇಟ್ಟುಕೊಳ್ಳಲಿ.

ನಾನು ನಸುಕಿನಲ್ಲಿ ಎದ್ದು ಒಂದು ಗಂಟೆ ಬರೆಯುವವಳು, ತಿಂಗಳಿಗೆ ಎರಡು ಪ್ರಬಂಧಗಳಿಗಿಂತ ಹೆಚ್ಚು ಬರೆಯಲಾರೆ. ದಿನವೂ ಗಿರಾಕಿಗಳನ್ನು ಹುಡುಕಬೇಕಾದ ಸಣ್ಣ ವ್ಯಾಪಾರಸ್ಥರಿಗೆ, ವೇದಿಕೆ ಬೇಕಾದ ಯುವ ಕಲಾವಿದರಿಗೆ ನನ್ನ ಆಯ್ಕೆ ಹೊಂದದಿರಬಹುದು. ಅವರಿಗೆ ಚಿತ್ರದ ಜಾಲವೇ ಅನಿವಾರ್ಯ. ಪರಿಚಯದ ಜಾಲದ ಖಾತೆಯನ್ನು ನಾನೂ ಮುಚ್ಚಿಲ್ಲ, ಕಾಲೇಜಿನ ಸೂಚನೆಗಳು ಅಲ್ಲಿಯ ಗುಂಪಿನಲ್ಲಿ ಬರುತ್ತವೆ. ತಂದೆಯ ಒಂದಕ್ಷರದ ಕೊನೆಯ ಹೆಸರೇ ಅಲ್ಲಿ ಉಳಿದಿದೆ.

ಎರಡು ತಿಂಗಳ ಹಿಂದೆ ಬ್ಲಾಗಿನ ಮೂಲಕ ಅಮೆರಿಕದಿಂದ ಒಬ್ಬ ಹಿರಿಯರು ಮಿಂಚಂಚೆ ಬರೆದಿದ್ದರು. ಪ್ರಬಂಧದ ಬಗ್ಗೆ ಎರಡು ಸಾಲಿತ್ತು, ಆಮೇಲೆ ಒಂದು ಪ್ರಶ್ನೆ: ‘ನಿಮ್ಮ ಹೆಸರಿನ ಮೊದಲ ಇನಿಷಿಯಲ್ ಯಾವ ಊರಿನದಮ್ಮಾ?’ ಹೇಳಿದೆ. ಅವರದು ನಮ್ಮ ಕೆರೆಯ ಕೋಡಿ ಹರಿಯುವ ಆಚೆಯ ಊರು. ನಮ್ಮ ತಂದೆಯ ಹೆಸರೇನೆಂದು ಮುಂದಿನ ಪತ್ರದಲ್ಲಿ ಕೇಳಿದರು.